ಹುರುಳಿಯ ಮೇಲೆ ಗೋ ಕಾರ್ಟ್

ಜನವರಿ ೧೨, ಭಾನುವಾರ, ಸಂಜೆ ಏಳೂ ಕಾಲು.

ಉಪಯೋಗವಿಲ್ಲದ ವಸ್ತುವಿನ ಮೇಲೆ ಆಸೆ ಹುಟ್ಟಿದರೆ ಮನುಷ್ಯನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಿಕ್ಸರ್ ಕೊಳ್ಳುವವನು ಹಾಯಾಗಿ ಮಲಗುತ್ತಾನೆ. ಅವನ ಪರವಾಗಿ ಚಟ್ನಿ ವಾದಿಸುತ್ತದೆ. ನನ್ನ ಪರವಾಗಿ ಯಾರೂ ಇಲ್ಲ. ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಶರಣಪ್ಪನವರ ಮೊಮ್ಮಗ ಬೈಕಿಗೆ ಬಡ್ತಿ ಹೊಂದಿದ್ದರಿಂದ ಅವನ ಗೋ ಕಾರ್ಟ್ ಅಗ್ಗಕ್ಕೆ ಮಾರಾಟಕ್ಕಿತ್ತು. ನಾಲ್ಕು ಪುಟ್ಟ ಗಾಲಿ, ಒಂದು ಸೀಟು, ಬೆನ್ನ ಹಿಂದೆ ಸದಾ ಸಿಡುಕುವ ಎಂಜಿನ್. ಕೂತರೆ ನೆಲ ಒಂದೇ ಗೇಣು ಕೆಳಗೆ. ನಿನ್ನೆ ಅದನ್ನು ನಮ್ಮೂರು ನರೇಗಲ್ಲಿಗೆ ಕಳಿಸುತ್ತ ಅವರು, "ಓಡಿಸಿ ನೋಡ್ರಿ. ನಾಳೆ ಸಂಜಿಗೆ ಹೇಳಿಬಿಡ್ರಿ, ನರಗುಂದದವರೊಬ್ಬರು ಕಾಯಾಕತ್ತಾರ. ಬ್ಯಾಡಾದ್ರ ಹ್ಯಾಂಗ ಕೊಟ್ಟೀನಿ ಹಂಗ ಬರಬೇಕು ನೋಡ್ರಿ" ಎಂದಿದ್ದರು.

ನಾನು ಯಾವುದನ್ನೂ ದಿನಾಂಕ ಹಾಕಿ, 'ಬೇಕು' 'ಬೇಡ' ಎಂದು ಬರೆದು ತೂಗದೆ ಕೊಳ್ಳುವವನಲ್ಲ. "ಚಪ್ಪಲಿ ತರಾಕ ಎರಡು ತಿಂಗಳ ತಗೊಂಡಾಂವ ನೀ. ಬರಿಗಾಲಾಗ ಅಡ್ಯಾಡಿದ್ದು ಮರತೀಯೇನು?" ಎಂದು ಅಕ್ಕ ಈಗಲೂ ಹಂಗಿಸುತ್ತಾಳೆ. ರಾತ್ರಿಯೆಲ್ಲ ಹೊರಳಾಡಿದೆ. ರೋಣಕ್ಕೆ ಬಸ್ಸಿದೆ, ಹೊಲಕ್ಕೆ ಟ್ರ್ಯಾಕ್ಟರ್ ಇದೆ. ಇದರಲ್ಲಿ ಹೋಗಬೇಕಾದ ಊರೇ ಇಲ್ಲ. 'ಬೇಡ' ತುಂಬಿ ಹರಿಯುತ್ತಿತ್ತು, 'ಬೇಕು' ಎಂಬಲ್ಲಿ 'ಆಸೆ' ಎಂದು ಬರೆದು ನಾಚಿಕೊಂಡು ಹೊಡೆದುಹಾಕಿದ್ದೆ.

ಬೆಳಿಗ್ಗೆ ಹೊಲದ ದಾರಿಗೆ ಇಳಿದೆ. ತಿರುವಿನ ಡಾಂಬರಿನ ಮೇಲೆ ನಮ್ಮ ಓಣಿಯ ಗಂಗವ್ವ ಒಣಗಿದ ಹುರುಳಿ ಬಳ್ಳಿ ಹರವಿದ್ದಳು. ನಮ್ಮ ಕಡೆ ಹಾಗೆ ಹರವಿದ್ದರ ಪಕ್ಕದಿಂದ ಹೋಗುವುದು ಸಣ್ಣತನ; ಮೇಲೆಯೇ ಹಾಯಬೇಕು, ಗಾಲಿಗೆ ಸಿಕ್ಕು ಕಾಯಿ ಒಡೆಯಬೇಕು. ನಾನು ಹಿಂಜರಿದೆ.

"ಬಾಜೂಕ ಯಾಕ ಹೊಂಟೀಯೋ ತಮ್ಮಾ? ಮ್ಯಾಲ ಬಾ!"

"ಇದಕ್ಕ ಆಗ್ತೈತೋ ಇಲ್ಲೋ, ಯವ್ವಾ."

"ಬಸ್ಸಿಗೆ ಆಗ್ತೈತಿ, ನಿನ್ನ ಈ ಗಾಲಿ ಹಚ್ಚಿದ ಮಣಿಗೆ ಆಗಂಗಿಲ್ಲೇನು?"

ಉಪಯೋಗ ಸಿಕ್ಕಿತು! ಕಾಳು ಒಕ್ಕುವ ರಾಶಿಗೆ ಬರುತ್ತದೆ! ಉತ್ಸಾಹದಿಂದ ನುಗ್ಗಿಸಿದೆ. ನಡುವೆ ತಲುಪುತ್ತಲೇ ಅದು ನರಳಿ ನಿಂತಿತು. ಬಾಚಣಿಗೆಗೆ ಕೂದಲು ಸುತ್ತಿದಂತೆ ಸರಪಳಿಗೆ ಹುರುಳಿ ಬಳ್ಳಿ ಸುತ್ತಿತ್ತು. ಗಂಗವ್ವ ಗಾಲಿಯಡಿಯ ಕಾಯಿ ಎತ್ತಿ ನೋಡಿ, "ಒಂದರ ಒಡದೈತೇನ ನೋಡು! ಇದಕ್ಕಿಂತ ನಮ್ಮನಿ ಹುಂಜ ಭಾರ ಐತಿ" ಎಂದಳು.

ಮಧ್ಯಾಹ್ನದವರೆಗೆ ಇಬ್ಬರೂ ಬಳ್ಳಿ ಎಳೆದೆವು. ಎಳೆದಷ್ಟೂ ಒಳಗೆ ಹೋಯಿತು. ಕೊನೆಗೆ ಅವಳು, "ಏಳು, ನಾ ಒಮ್ಮಿ ಕುಂದರ್ತೀನಿ" ಎಂದು ಸೀರೆ ಮಡಚಿ ಕೂತಳು. ಎಂಜಿನ್ ಸತ್ತಿತ್ತು, ಬಾಯಲ್ಲೇ "ಡುರ್ರ್" ಎನ್ನುತ್ತ ಸ್ಟೀರಿಂಗ್ ತಿರುಗಿಸಿದಳು. ಅತ್ತ ಕೋಳಿಗಳು ಹುರುಳಿಗೆ ಬಾಯಿ ಹಾಕಿದರೂ ಏಳಲಿಲ್ಲ.

"ಇದರಿಂದ ಏನು ಉಪಯೋಗೋ?"

"ಏನೂ ಇಲ್ಲವ್ವಾ."

"ಹಂಗಾರ ತಗೋ. ಉಪಯೋಗದ್ದು ತಂದ್ರ ಮನಿಮಂದಿ ಕಸಗೊಂಡಬಿಡ್ತಾರ."

ಗಾಡಿಯನ್ನು ಮನೆಗೆ ಎಳೆದು ತಂದು, ಸಂಜೆ ಶರಣಪ್ಪನವರಿಗೆ ಫೋನ್ ಮಾಡಿದೆ. ಇನ್ನೊಂದು ವಾರ ಕೇಳುವವನಿದ್ದೆ. "ಗಾಡಿ ಚಲೋ ಐತಿಲ್ರಿ?" ಎಂದರು. "ಸರಪಳಿಯಾಗ ಸ್ವಲ್ಪ ಹುರುಳಿ ಐತ್ರಿ" ಎಂದೆ. ಅವರು ಕೂಡಲೇ ಹೇಳಿದರು: "ಹಂಗಾರ ಅದು ನಿಮ್ಮದಾತು ಬಿಡ್ರಿ."

ಅಕ್ಕ ಬಿದ್ದು ಬಿದ್ದು ನಕ್ಕಳು. ನನ್ನ ಬದಲು ಹುರುಳಿ ನಿರ್ಧರಿಸಿತಂತೆ. ಇರಬಹುದು. ಇದನ್ನು ಬರೆಯುವಾಗಲೂ ನಡುನಡುವೆ ಎದ್ದು ಅಂಗಳಕ್ಕೆ ಹೋಗಿ ಅದರಲ್ಲಿ ಕೂತು ಬರುತ್ತಿದ್ದೇನೆ. "ಡುರ್ರ್" ನನಗೆ ಗಂಗವ್ವನಷ್ಟು ಚೆನ್ನಾಗಿ ಬರುವುದಿಲ್ಲ.

ಸರಪಳಿಯಿಂದ ಬಳ್ಳಿ ಬಿಡಿಸುವ ಉಪಾಯ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಇದನ್ನು ಕೊಳ್ಳಬೇಕಿತ್ತೋ ಇಲ್ಲವೋ ಎಂಬುದನ್ನು ಬಲ್ಲವರು ಮಾತ್ರ ದಯವಿಟ್ಟು ಬರೆಯಬೇಡಿ.