ಗಿಟಾರಪ್ಪನ ದುಬಾರಿ ಪೆಟ್ಟಿಗೆ

ಅಂಗಿಯನ್ನು ಒಗೆಯಲು ಹಾಕುವ ಮುಂಚೆ ಜೇಬು ತಡವಿ ನೋಡದ ಗಂಡಸು ಗುಟ್ಟು ಇಟ್ಟುಕೊಳ್ಳುವ ಗೋಜಿಗೇ ಹೋಗಬಾರದು. ಗಿಟಾರಪ್ಪನಿಗೆ ಈ ಸತ್ಯ ಹೊಳೆದದ್ದು ಶನಿವಾರ ಬೆಳಗ್ಗೆ, ಕಾಫಿಯ ಎರಡನೆಯ ಗುಟುಕು ಗಂಟಲಲ್ಲಿದ್ದಾಗ.

"ರೀ, ಇದೇನಿದು?"

ಬಚ್ಚಲುಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಸೋಪಿನ ನೊರೆ, ಇನ್ನೊಂದು ಕೈಯಲ್ಲಿ ರಸೀದಿ. ಕಾಫಿ ಹೋಗಬೇಕಾದ ದಾರಿ ಬಿಟ್ಟು ಮೂಗಿಗೆ ಹೋಯಿತು.

ಗಿಟಾರಪ್ಪ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀದಿಯವರು ಪ್ರೀತಿಗೋ ಪ್ರಾಣಸಂಕಟಕ್ಕೋ ಇಟ್ಟದ್ದು. ಹಗಲು ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವನ ಕಸುಬು, ಸಂಜೆ ಮನೆಯ ಹಜಾರದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವುದು ಅವನ ಹುಚ್ಚು. ಅದಕ್ಕೆ ಜೋಡಿಸಿದ್ದ ಹಳೆಯ ಆಂಪ್ಲಿಫೈಯರ್, ಅಂದರೆ ಗಿಟಾರಿನ ಸದ್ದು ಹೊರಬೀಳುವ ಪೆಟ್ಟಿಗೆ, ಕಫ ಕಟ್ಟಿದ ಮುದುಕನ ಹಾಗೆ ಗೊರಗೊರ ಎನ್ನುತ್ತಿತ್ತು. ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಪಾಪ, ಕೈಯೇನೋ ಚೆನ್ನಾಗಿದೆ, ಪೆಟ್ಟಿಗೆ ಸರಿಯಿಲ್ಲ." ಅವರು ಹೇಳಿದ್ದು ದಾಕ್ಷಿಣ್ಯಕ್ಕೆ. ಗಿಟಾರಪ್ಪ ಅದನ್ನು ಎದೆಗೆ ಹಚ್ಚಿಕೊಂಡ. ಆರು ವರ್ಷ ಹಚ್ಚಿಕೊಂಡು, ಕಳೆದ ಶನಿವಾರ ತಡೆಯಲಾರದೆ ಹೋಗಿ ಹೊಸ ಪೆಟ್ಟಿಗೆ ತಂದುಬಿಟ್ಟ. ಹೆಂಡತಿಗೆ ಮಾತ್ರ, "ಸ್ನೇಹಿತನದ್ದು, ಊರಿಗೆ ಹೋಗಿದ್ದಾನೆ, ವಾರದ ಮಟ್ಟಿಗೆ ಇಟ್ಟಿದ್ದಾನೆ," ಎಂದಿದ್ದ.

"ನಿಮ್ಮ ಸ್ನೇಹಿತನ ಪೆಟ್ಟಿಗೆ ರಸೀದೀಲಿ ನಿಮ್ಮ ಹೆಸರು ಯಾಕಿದೆ?"

"ಅದು... ನೋಡು, ಇದು ಎಲ್ಲಾ ಅಂಗಡೀಲೂ ಸಿಗೋ ಮಾಲಲ್ಲ ಕಣೇ. ಬುಟೀಕ್ ಆಂಪ್ಲಿಫೈಯರ್. ಒಬ್ಬನೇ ಮನುಷ್ಯ ಕೂತು, ತನ್ನ ಕೈಯಾರೆ ಒಂದೊಂದೇ ತಂತಿ ಬೆಸೆದು ಮಾಡ್ತಾನೆ. ವರ್ಷಕ್ಕೆ ಹನ್ನೆರಡೇ ಪೆಟ್ಟಿಗೆ."

"ನಾನೂ ಒಬ್ಬಳೇ ಕೂತು, ನನ್ನ ಕೈಯಾರೆ ಒಂದೊಂದೇ ಬಟ್ಟೆ ಒಗೀತೀನಿ. ನನಗೂ ಬುಟೀಕ್ ಅಂತ ಬೋರ್ಡ್ ಹಾಕಿಸ್ತೀರಾ? ಬಟ್ಟೆ ಒಗೆಯೋ ಮಿಷನ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡು ಕಣ್ರೀ ಅದು!"

ಗಿಟಾರಪ್ಪ ತಲೆ ತಗ್ಗಿಸಿದ. ಅವಳು ರಸೀದಿಯ ಕೊನೆಯ ಸಾಲನ್ನು ಎರಡು ಸಲ ಓದಿದಳು. ಮೆಚ್ಚಿಗೆಯಾಗದಿದ್ದರೆ ಏಳು ದಿನದೊಳಗೆ ಪೆಟ್ಟಿಗೆ ವಾಪಸ್ ತಂದು ಪೂರ್ತಿ ಹಣ ಪಡೆಯಬಹುದು ಎಂದಿತ್ತು. ಏಳನೆಯ ದಿನ ಇವತ್ತೇ. ಆ ಅಂಗಡಿ ಮುಚ್ಚುವುದು ರಾತ್ರಿ ಎಂಟಕ್ಕೆ.

ಅವಳು ಕೋಪಿಷ್ಠೆ, ಆದರೆ ನ್ಯಾಯಸ್ಥೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ತೀರ್ಪು ಕೊಟ್ಟಳು: "ಸಂಜೆ ಪರೀಕ್ಷೆ ಮಾಡೋಣ. ನೀವು ಪರದೆ ಹಿಂದೆ ನುಡಿಸಿ, ನಾನು, ಮೇಲಿನ ಮನೆ ಅಜ್ಜಿ, ಕೆಳಗಿನ ಮನೆ ಟೈಲರ್ ಕೇಳಿ ಹೇಳ್ತೀವಿ. ಹಳೇ ಪೆಟ್ಟಿಗೆ ಯಾವುದು, ದುಬಾರಿ ಪೆಟ್ಟಿಗೆ ಯಾವುದು ಅಂತ ಐದಕ್ಕೆ ನಾಲ್ಕು ಸಲ ನಮಗೆ ಗೊತ್ತಾದರೆ ಇಟ್ಕೊಳ್ಳಿ, ನಾನು ತುಟಿ ಪಿಟಕ್ ಅನ್ನಲ್ಲ. ನಮ್ಮ ಕಿವಿಗೇ ಗೊತ್ತಾಗದ ವ್ಯತ್ಯಾಸಕ್ಕೆ ನಮ್ಮ ದುಡ್ಡು ಯಾಕೆ ಕೊಡ್ಬೇಕು? ನಮ್ಮಣ್ಣನ್ನ ಕರೀತೀನಿ. ಜೀಪ್ ಇದೆ, ವಾಪಸ್ ಸಾಗಿಸೋಕೂ ಆಗತ್ತೆ."

ಅಣ್ಣನ ಹೆಸರು ಕೇಳಿ ಗಿಟಾರಪ್ಪ ಕಾಫಿ ಲೋಟ ಕೆಳಗಿಟ್ಟ. ಹೆಂಡತಿಯ ಅಣ್ಣ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ತಕ್ಕಡಿಗೆ ಮುದ್ರೆ ಹಾಕಿ ಹಾಕಿ, ಮುದ್ರೆಯಿಲ್ಲದ ವಸ್ತುವನ್ನೆಲ್ಲ ಸಂಶಯದಿಂದ ನೋಡುವ ಅಭ್ಯಾಸವಾಗಿಬಿಟ್ಟಿತ್ತು. ತಂಗಿಯ ಮದುವೆಯ ದಿನ ಗಿಟಾರಪ್ಪನನ್ನೂ ಹಾಗೇ ನೋಡಿದ್ದ.

ಕನ್ನಡಕದಂಗಡಿಗೆ ಕೆಲಸಕ್ಕೆ ಹೋದರೂ ಗಿಟಾರಪ್ಪನ ಮನಸ್ಸು ಪೆಟ್ಟಿಗೆಯಲ್ಲೇ ಇತ್ತು. ಹನ್ನೊಂದು ಗಂಟೆಗೆ ಅವನ ಮನೆಯ ಮೇಲಿನ ಮಹಡಿಯ ಅಜ್ಜಿ ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಿನ್ನೆಯಷ್ಟೇ ಅವನೇ ಗಾಜು ಕೂರಿಸಿಕೊಟ್ಟ ಕನ್ನಡಕವನ್ನು ಕೌಂಟರಿನ ಮೇಲೆ ಠಪ್ಪೆಂದು ಇಟ್ಟರು.

"ಏನಪ್ಪಾ, ಇದರಲ್ಲೇನೋ ದೋಷ ಇದೆ. ಗೋಡೆ ತುಂಬಾ ಬಿರುಕು ಕಾಣತ್ತೆ. ಮೂಲೇಲಿ ಜೇಡರ ಬಲೆ. ಕನ್ನಡಿ ನೋಡಿಕೊಂಡರೆ ಮುಖದ ಮೇಲೆ ಸಾವಿರ ಗೆರೆ! ಹಳೇ ಕನ್ನಡಕದಲ್ಲಿ ಎಲ್ಲಾ ನುಣ್ಣಗಿತ್ತು. ಅದನ್ನೇ ವಾಪಸ್ ಕೊಡು."

ಗಿಟಾರಪ್ಪ ಕನ್ನಡಕ ಒರೆಸಿ, ದಿನಕ್ಕೆ ನಾಲ್ಕು ಜನರಿಗೆ ಹೇಳುವ ಮಾತನ್ನು ಐದನೆಯವರಿಗೂ ಹೇಳಿದ: "ಇದು ಗಾಜಿನ ದೋಷ ಅಲ್ಲ ಅಜ್ಜೀ. ಬಿರುಕು ಮೊದಲೂ ಇತ್ತು, ಈಗ ಕಾಣ್ತಿದೆ ಅಷ್ಟೆ. ಒಳ್ಳೇ ಗಾಜು ಸುಳ್ಳು ಹೇಳಲ್ಲ. ದುಡ್ಡು ಕೊಟ್ಟಿದ್ದು ಅದಕ್ಕೇ ಅಲ್ವಾ?"

ಅಜ್ಜಿ ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದರು. "ಹೌದು, ನಿನ್ನ ಮೂಗಿನ ಮೇಲೆ ಮಚ್ಚೆ ಇರೋದು ನನಗೆ ಗೊತ್ತೇ ಇರಲಿಲ್ಲ," ಎಂದು ಹೊರಟರು. ಬಾಗಿಲಲ್ಲಿ ತಿರುಗಿ, "ಸಂಜೆ ನಿನ್ನ ಹೆಂಡತಿ ತೀರ್ಪು ಹೇಳೋಕೆ ಕರೆದಿದ್ದಾಳೆ, ಬರ್ತೀನಪ್ಪಾ," ಎಂದರು.

ಶನಿವಾರ ಅರ್ಧ ದಿನದ ಕೆಲಸ. ಮನೆಗೆ ಹೋಗುವ ಮುಂಚೆ ಗಿಟಾರಪ್ಪ ಕೆಳಗಿನ ಮನೆಯ ಟೈಲರ್ ಹತ್ತಿರ ನುಗ್ಗಿದ. ಮೂರನೆಯ ತೀರ್ಪುಗಾರ ಇವನೇ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಕಟಕಟ ಕೇಳಿದ ಕಿವಿಗೆ ಸೂಕ್ಷ್ಮ ಎಲ್ಲಿಂದ ಬರಬೇಕು ಎಂಬುದೇ ಗಿಟಾರಪ್ಪನ ಚಿಂತೆ.

"ಬುಟೀಕ್ ಅಂದ್ರೆ ನನಗೆ ಚೆನ್ನಾಗಿ ಗೊತ್ತು ಸಾರ್," ಎಂದು ಟೈಲರ್ ದಾರ ಕಚ್ಚಿ ತುಂಡರಿಸಿದ. "ನಾನು ಹೊಲಿದ ಅಂಗೀನೇ ಗಾಜಿನೊಳಗೆ ಒಂದು ಬೊಂಬೆಗೆ ತೊಡಿಸಿ, ಮೇಲೊಂದು ದೀಪ ಹಾಕಿ, ಮೂರು ಪಟ್ಟು ಬೆಲೆಗೆ ಮಾರ್ತಾರೆ. ದೀಪದ ದುಡ್ಡು ಅದು."

"ಹಾಗಲ್ಲಪ್ಪಾ, ಇದರ ಧ್ವನೀನೇ ಬೇರೆ. ಬೆಚ್ಚಗಿರತ್ತೆ."

"ಹಾಗಾದ್ರೆ ಮುಟ್ಟಿ ನೋಡಿದ್ರೆ ಗೊತ್ತಾಗತ್ತಲ್ಲ!"

ಗಿಟಾರಪ್ಪ ಹಣೆ ಚಚ್ಚಿಕೊಂಡ. ಆಮೇಲೆ ಕತ್ತಲಲ್ಲಿ ಗುಂಡಿ ಹುಡುಕುವವನಂತೆ ತಡವರಿಸುತ್ತ ಒಂದು ಒಪ್ಪಂದಕ್ಕೆ ಬಂದ. ದುಬಾರಿ ಪೆಟ್ಟಿಗೆ ನುಡಿಯುವಾಗ ತಾನು ಒಂದು ಸಲ ಕೆಮ್ಮುವುದು. ಟೈಲರ್ ಅದರಂತೆ ಚೀಟಿ ಬರೆಯುವುದು. ಪ್ರತಿಯಾಗಿ ಟೈಲರ್ ಹೆಂಡತಿಗೆ ಒಂದು ಕನ್ನಡಕದ ಫ್ರೇಮು, ಬಿಟ್ಟಿ.

ಸಂಜೆ ಆರಕ್ಕೆ ಇನ್ಸ್‌ಪೆಕ್ಟರ್ ಜೀಪು ಬಂತು. ಅವನು ಚಪ್ಪಲಿ ಬಿಡುವ ಮುಂಚೆಯೇ ಹಜಾರವನ್ನು ಅಳೆದು, ನಡುವೆ ಹಗ್ಗ ಕಟ್ಟಿ, ತಂಗಿ ಆಗತಾನೆ ಒಗೆದು ಮಡಿಸಿಟ್ಟಿದ್ದ ಬಿಳಿಯ ಜೋಡಿ ಹಾಸಿಗೆಯ ಹೊದಿಕೆಯನ್ನು ಪರದೆ ಮಾಡಿದ. ಆ ಕಡೆ ಮೂರು ಕುರ್ಚಿ: ಹೆಂಡತಿ, ಅಜ್ಜಿ, ಟೈಲರ್. ಈ ಕಡೆ ಎರಡು ಪೆಟ್ಟಿಗೆ, ಗಿಟಾರಪ್ಪ, ತಾನು.

"ಎರಡರ ಸದ್ದೂ ಸಮ ಇರಬೇಕು. ಇಲ್ಲಾಂದ್ರೆ ಜೋರಾಗಿರೋದೇ ಒಳ್ಳೇದು ಅಂತ ಕಿವಿ ಮೋಸ ಹೋಗತ್ತೆ," ಎಂದವನೇ ಎರಡು ಲೋಟದಲ್ಲಿ ಸಮಮಟ್ಟಕ್ಕೆ ನೀರು ತುಂಬಿ ಒಂದೊಂದು ಪೆಟ್ಟಿಗೆಯ ಮೇಲೆ ಒಂದೊಂದು ಇಟ್ಟ. "ನುಡಿಸು. ಅಲೆ ಎರಡರಲ್ಲೂ ಒಂದೇ ಥರ ಏಳಬೇಕು."

"ಭಾವಾ! ನೀರು! ಒಳಗೆ ಕರೆಂಟಿದೆ!"

ಗಿಟಾರಪ್ಪ ಹಾರಿ ಲೋಟ ಹಿಡಿದ. ಹಿಡಿದದ್ದು ಅರ್ಧ ಲೋಟ ನೀರನ್ನು. ಉಳಿದರ್ಧ ಅವನ ಪ್ಯಾಂಟಿನ ಮೇಲೆ ಮತ್ತು ಪರದೆಯ ಮೇಲೆ ಹರಡಿತು. ಆ ಕಡೆಯಿಂದ ಹೆಂಡತಿ, "ನನ್ನ ಹೊದಿಕೆ!" ಎಂದು ಕೂಗಿದಳು. ಪೆಟ್ಟಿಗೆಗೆ ಮಾತ್ರ ಒಂದು ಹನಿಯೂ ತಾಗಲಿಲ್ಲ. ಇನ್ಸ್‌ಪೆಕ್ಟರ್ ನಿರ್ವಿಕಾರವಾಗಿ ಮತ್ತೆ ನೀರು ತುಂಬಿ, ಈ ಸಲ ಲೋಟಗಳನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟ.

ಮೊದಲ ಸುತ್ತು. ಇನ್ಸ್‌ಪೆಕ್ಟರ್ ಗಿಟಾರಿನ ವೈರನ್ನು ದುಬಾರಿ ಪೆಟ್ಟಿಗೆಗೆ ಚುಚ್ಚಿದ. ಗಿಟಾರಪ್ಪ ಕಣ್ಣು ಮುಚ್ಚಿ, ಆರು ವರ್ಷದಿಂದ ನುಡಿಸುತ್ತ ಬಂದಿದ್ದ ತನ್ನ ಪ್ರೀತಿಯ ರಾಗವನ್ನು ಎತ್ತಿಕೊಂಡ. ನಡುವೆ ಗಂಟಲು ಸರಿಮಾಡಿ, "ಹುಂ ಹುಂ," ಎಂದು ಕೆಮ್ಮಿದ.

ಪರದೆಯ ಆಚೆ ಅಜ್ಜಿಗೆ ಏನು ನೆತ್ತಿಗೇರಿತೋ, ಅವರೂ ಕೆಮ್ಮಿದರು. ಟೈಲರ್ ಗೊಂದಲದಲ್ಲಿ, "ಸಾರ್, ಲೆಕ್ಕಕ್ಕೆ ಯಾರ ಕೆಮ್ಮು?" ಎಂದುಬಿಟ್ಟ.

ಇನ್ಸ್‌ಪೆಕ್ಟರ್ ಏನೂ ಬೈಯಲಿಲ್ಲ. ಜೇಬಿನಿಂದ ಕಲ್ಲುಸಕ್ಕರೆಯ ಒಂದು ದಪ್ಪ ಹರಳು ತೆಗೆದು ಗಿಟಾರಪ್ಪನ ಬಾಯಿಗಿಟ್ಟು, ಅದರ ಮೇಲೊಂದು ಕರವಸ್ತ್ರ ಬಿಗಿದು, ಹಿಂದೆ ಗಂಟು ಹಾಕಿದ. "ಮೊಹರು ಮಾಡಿದ್ದೇನೆ. ಮೊದಲಿಂದ ಶುರು," ಎಂದ.

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಐದು ಸುತ್ತೂ ಗಿಟಾರಪ್ಪ ಬೆವರು ಸುರಿಸಿ ನುಡಿಸಿದ. ಒಮ್ಮೆ ಹಳೆಯದು, ಎರಡು ಸಲ ಹೊಸದು, ಮತ್ತೆ ಹಳೆಯದು, ಮತ್ತೆ ಹೊಸದು. ಪ್ರತಿ ಸುತ್ತಿಗೂ ಪರದೆಯ ಕೆಳಗಿನಿಂದ ಮೂರು ಚೀಟಿ ಬಂದವು. ಈ ಪೆಟ್ಟಿಗೆಯನ್ನು ಅವನು ವಾರದಲ್ಲಿ ಮೂರೇ ಸಲ, ಅದೂ ಹೆಂಡತಿ ಮನೆಯಲ್ಲಿಲ್ಲದಾಗ, ಪಿಸುದನಿಯಲ್ಲಿ ನುಡಿಸಿದ್ದ. ಪೂರ್ತಿ ಗಂಟಲು ಬಿಟ್ಟಾಗ ಅದು ಇಷ್ಟು ನಿಚ್ಚಳವಾಗಿ ಹಾಡುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಕಳೆದುಕೊಳ್ಳುವ ಹೊತ್ತಿನಲ್ಲಿ ಪ್ರೀತಿ ಇನ್ನೂ ಹೆಚ್ಚಾಗಿ, ಬಿಗಿದ ಕರವಸ್ತ್ರದೊಳಗೆ ಅವನಿಗೆ ನಿಜವಾಗಿಯೂ ಅಳು ಬಂತು.

ಏಳು ಗಂಟೆಗೆ ಇನ್ಸ್‌ಪೆಕ್ಟರ್ ಚೀಟಿಗಳನ್ನು ಬಿಡಿಸಿ, ಪಟ್ಟಿ ಮಾಡಿ, ಎರಡು ಸಲ ತಾಳೆ ನೋಡಿದ. ಅವನ ಹುಬ್ಬು ಮೇಲೇರಿತು.

"ಐದಕ್ಕೆ ಐದು. ಮೂವರದೂ. ಒಂದೂ ತಪ್ಪಿಲ್ಲ."

ಗಿಟಾರಪ್ಪ ಕರವಸ್ತ್ರ ಕಿತ್ತೆಸೆದು, ಕಲ್ಲುಸಕ್ಕರೆ ನುಂಗಿ, ಪರದೆಯನ್ನೇ ತಬ್ಬಿಕೊಂಡ. ಹಗ್ಗ ಕಳಚಿ ಹೊದಿಕೆ ಕಾಲಡಿ ಬಿತ್ತು. ಅದರ ಮೇಲೆಯೇ ಎರಡು ಸುತ್ತು ಕುಣಿದ. "ನೋಡಿದ್ಯಾ? ನಾನು ಹೇಳ್ಲಿಲ್ವಾ? ಟೈಲರ್ ಕಿವಿಗೂ ಗೊತ್ತಾಯ್ತು! ದುಡ್ಡಿಗೆ ಮೋಸ ಇಲ್ಲ ಅಂತ ಈಗಲಾದ್ರೂ ಒಪ್ತೀಯಾ?"

"ಒಪ್ಪಿದೆ ಕಣ್ರೀ," ಎಂದಳು ಹೆಂಡತಿ, ಗಂಭೀರವಾಗಿ. "ಭೂಮಿ ಆಕಾಶದ ವ್ಯತ್ಯಾಸ."

"ಇರಿ, ಇನ್ನೂ ಮುಗಿದಿಲ್ಲ," ಎಂದ ಇನ್ಸ್‌ಪೆಕ್ಟರ್. "ಯಾವ ಲಕ್ಷಣದಿಂದ ಗುರುತಿಸಿದಿರಿ ಅಂತ ಬರ್ಕೋಬೇಕು. ಕಾರಣ ಇಲ್ಲದ ಫಲಿತಾಂಶಕ್ಕೆ ನಾನು ಸಹಿ ಹಾಕಲ್ಲ. ಮೊದಲು ಟೈಲರ್."

ಟೈಲರ್ ತಲೆ ಕೆರೆದುಕೊಂಡ. "ಹೆಂಗ್ ಹೇಳೋದು ಸಾರ್... ಹಳೇ ಪೆಟ್ಟಿಗೇಲಿ ಬರೀ ಗೊರಗೊರ. ಹೊಸದರಲ್ಲಿ ಇವರ ಬೆರಳು ತಪ್ಪಿದ್ದು ಒಂದೊಂದೂ ಕೇಳಿಸ್ತಿತ್ತು. ಹೊಲಿಗೆ ಬಿಟ್ಟಂಗೆ. ನಾನು ಎಣಿಸ್ತಾ ಇದ್ದೆ, ಒಂದೊಂದು ಸುತ್ತಿಗೂ ಹದಿನೇಳು ಕಡೆ ಬಿಟ್ಟಿದೆ."

ಗಿಟಾರಪ್ಪನ ಕುಣಿತ ನಿಂತಿತು.

ಅಜ್ಜಿ ಮೆಲ್ಲಗೆ ಹೇಳಿದರು: "ಶ್ರುತಿ ಇಲ್ಲಪ್ಪಾ. ಎರಡನೇ ತಂತಿ ಒಂದು ಕಡೆ, ಐದನೇದು ಇನ್ನೊಂದು ಕಡೆ. ತಾಳ ಅಂತೂ ಮೂರು ಬಿಟ್ಟಿದೆ. ಇಷ್ಟು ವರ್ಷ ಪೆಟ್ಟಿಗೇದೇ ದೋಷ ಅಂದ್ಕೊಂಡು ಮರುಗಿದ್ದೆ ನಾನು."

"ನೀನು?" ಗಿಟಾರಪ್ಪ ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ.

"ನೀವು ದಿನಾ ಬೇರೆ ಬೇರೆ ಹಾಡು ನುಡಿಸ್ತೀರಿ ಅಂದ್ಕೊಂಡಿದ್ದೆ," ಎಂದಳು ಅವಳು. "ಇವತ್ತು ಗೊತ್ತಾಯ್ತು, ಎಲ್ಲಾ ಒಂದೇ ಹಾಡು. ದಿನಾ ಬೇರೆ ಬೇರೆ ಥರ ತಪ್ತಾ ಇತ್ತು."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣವನ್ನು ಬೆಳಕಿಗೆ ಹಿಡಿದು ಮೂವರು ಸಾಕ್ಷಿಗಳೆದುರು ತೋರಿಸಿದರೆ ಹೆತ್ತವರ ಗತಿಯೇನು? ಗಿಟಾರಪ್ಪ ಗೋಡೆ ಹಿಡಿದುಕೊಂಡ. ಗಡಿಯಾರ ನೋಡಿದ. ಏಳು ಇಪ್ಪತ್ತು.

"ಭಾವಾ," ಎಂದ, "ಜೀಪ್ ತೆಗೀರಿ. ಈ ಪೆಟ್ಟಿಗೇಲಿ ಏನೋ ದೋಷ ಇದೆ. ಅಂಗಡಿ ಎಂಟರವರೆಗೂ ಇರತ್ತೆ. ವಾಪಸ್ ಕೊಟ್ಟು ಮಿಷನ್‌ನೇ ತರೋಣ."

ಅಜ್ಜಿ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಪೆಟ್ಟಿಗೆ ದೋಷ ಅಲ್ಲಪ್ಪಾ. ಬಿರುಕು ಮೊದಲೂ ಇತ್ತು, ಈಗ ಕಾಣ್ತಿದೆ ಅಷ್ಟೆ. ದುಡ್ಡು ಕೊಟ್ಟಿದ್ದು ಅದಕ್ಕೇ ಅಲ್ವಾ?"

"ಲೇ, ನೀನಾದ್ರೂ ಹೇಳೇ," ಎಂದು ಗಿಟಾರಪ್ಪ ಹೆಂಡತಿಗೆ ಅಂಗಲಾಚಿದ. "ಬೆಳಗ್ಗೆ ನೀನೇ ವಾಪಸ್ ಕೊಡಿ ಅಂತಿದ್ಯಲ್ಲ!"

"ಬೆಳಗ್ಗೆ ನನಗೆ ಅದರ ಬೆಲೆ ಗೊತ್ತಿರಲಿಲ್ಲ." ಅವಳು ರಸೀದಿಯನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. "ಆರು ವರ್ಷ ನೆಲ ಡೊಂಕು, ನೆಲ ಡೊಂಕು ಅಂದ್ರಿ. ಇಷ್ಟು ಖರ್ಚು ಮಾಡಿ ನೆಲ ಸರಿ ಮಾಡಿಸಿ ಆಯ್ತು. ಈಗ ಕುಣೀರಿ, ನೋಡೋಣ. ನಾಳೆಯಿಂದ ದಿನಾ ಸಂಜೆ ಅಜ್ಜಿ ಹತ್ರ ಪಾಠ. ಕಲಿತರೆ ಬೀದಿಗೇ ಒಳ್ಳೇದು. ಬೇಸತ್ತು ಬಿಟ್ಟುಬಿಟ್ಟರೆ ಇನ್ನೂ ಒಳ್ಳೇದು. ಎರಡರಲ್ಲೂ ಲಾಭ ನಮಗೇ."

ಇನ್ಸ್‌ಪೆಕ್ಟರ್ ಪಟ್ಟಿಯ ಕೆಳಗೆ ಸಹಿ ಹಾಕಿದ. ಆಮೇಲೆ ಜೇಬಿನಿಂದ ತನ್ನ ಇಲಾಖೆಯ ಮುದ್ರೆ ತೆಗೆದು, ದುಬಾರಿ ಪೆಟ್ಟಿಗೆಯ ಬೆನ್ನಿಗೆ ಒಂದು ಒತ್ತಿದ. ಆ ಮನೆಯಲ್ಲಿ ಅವನು ತೃಪ್ತಿಯಿಂದ ಮುದ್ರೆ ಒತ್ತಿದ ಮೊದಲ ವಸ್ತು ಅದು.

ಎಲ್ಲರೂ ಹೊರಟರು. ಗಿಟಾರಪ್ಪ ಕುರ್ಚಿಗೆ ಕುಸಿಯಬೇಕು, ಅಷ್ಟರಲ್ಲಿ ಹೆಂಡತಿ ನೆಲದ ಮೇಲಿನ ಜೋಡಿ ಹೊದಿಕೆಯನ್ನು ಎತ್ತಿ ಅವನ ಕೈಗಿಟ್ಟಳು. ಅದರ ತುಂಬಾ ಅವನದೇ ಹೆಜ್ಜೆ ಗುರುತು.

"ಮಿಷನ್ ದುಡ್ಡು ಪೆಟ್ಟಿಗೇಲಿ ಹೋಯ್ತಲ್ಲ," ಎಂದಳು ಮುಗುಳ್ನಗುತ್ತ. "ಕೈಯಾರೆ ಮಾಡಿದ್ದಕ್ಕೆ ಬೆಲೆ ಜಾಸ್ತಿ ಅಂತ ನೀವೇ ಹೇಳಿದ್ರಿ."

ಗಿಟಾರಪ್ಪ ಬಚ್ಚಲುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೊದಿಕೆಗೆ ಸೋಪು ಹಚ್ಚಿದ. ದುಃಖ, ಅವಮಾನ, ಸಿಟ್ಟು ಎಲ್ಲ ಸೇರಿ, ಹೊದಿಕೆಯನ್ನು ಎತ್ತೆತ್ತಿ ಒಗೆಯುವ ಕಲ್ಲಿಗೆ ಧಪ್ ಧಪ್ ಎಂದು ಕುಕ್ಕತೊಡಗಿದ. ಕುಕ್ಕುತ್ತ ಕುಕ್ಕುತ್ತ ಮನಸ್ಸು ಸ್ವಲ್ಪ ಹಗುರಾಯಿತು.

ಕೆಳಗಿನ ಮನೆಯ ಕಿಟಕಿ ತೆರೆದ ಸದ್ದಾಯಿತು. ಟೈಲರ್ ತಲೆ ಹೊರಗೆ ಹಾಕಿ, ಮನಸಾರೆ ಕೂಗಿದ:

"ಭೇಷ್ ಸಾರ್! ಇದರಲ್ಲಿ ತಾಳ ಒಂಚೂರೂ ತಪ್ಪಿಲ್ಲ. ದಯವಿಟ್ಟು ಇದನ್ನೇ ಮುಂದುವರಿಸಿ!"