ಲಾಡ್ಜಿನ ಕುರ್ಚಿ, ಗಂಗೊಳ್ಳಿಯ ಬಂಗುಡೆ

ಕುಂದಾಪುರ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜೊಂದರಲ್ಲಿ ಕೌಂಟರ್ ನೋಡಿಕೊಳ್ಳುವವನು ನಾನು. ಬಂದವರು ರೂಮಿನ ಕೀ ಕೈಗೆ ತಗೊಳ್ಳುವ ಮೊದಲೇ ಎಲ್ಲಿ ಉಣ್ಣುವುದು, ಏನು ನೋಡುವುದು, ಊರಿಗೆ ಎಂತ ಕೊಂಡುಹೋಗುವುದು ಅಂತ ಕೇಳುತ್ತಾರೆ. ಕೇಳಿದ್ದಕ್ಕಿಂತ ನಾಲ್ಕು ಮಾತು ಜಾಸ್ತಿಯೇ ಹೇಳುತ್ತೇನೆ. ನಾನು ಹೇಳಿದ್ದರಲ್ಲಿ ತಪ್ಪಿರುವುದಿಲ್ಲ. ಆದರೂ ಹೋದವರು ಏನಾದರೊಂದು ಎಡವಟ್ಟು ಮಾಡಿಕೊಂಡೇ ವಾಪಸ್ ಬರುತ್ತಾರೆ, ನಾನೇನು ಮಾಡಲಿ?

೧. ರೊಟ್ಟಿ

ಹುಬ್ಬಳ್ಳಿಯ ಗಂಡ ಹೆಂಡತಿಗೆ ಕೋಳಿ ರೊಟ್ಟಿ ತಿನ್ನದೆ ಹೋಗಬೇಡಿ ಎಂದೆ. ಆ ರೊಟ್ಟಿ ಹಪ್ಪಳಕ್ಕಿಂತ ಗಟ್ಟಿ. ಸಾರು ಸುರಿದು, ಮೆತ್ತಗಾದ ಮೇಲೆ ತಿನ್ನಬೇಕು. ಅದನ್ನೇ ಹೇಳಲು ಬಾಯಿ ತೆರೆದೆ, ಗಂಡ ತಡೆದರು. "ಸುಮ್ನಿರ್ರಿ. ಹುಬ್ಬಳ್ಳಿಯವ್ರಿಗೆ ರೊಟ್ಟಿ ತಿನ್ನೂದು ಕಲಸ್ತೀರೇನು?"

ಪಾರ್ಸೆಲ್ ತಂದು, ಮಂಚದ ಮೇಲೆ ಕೂತು, ಖಡಕ್ ರೊಟ್ಟಿಯ ಹಾಗೆ ಒಣ ಒಣ ಮುರಿದು ತಿಂದರು. ಸಾರನ್ನು ಕೊನೆಗೆ ಲೋಟದಲ್ಲಿ ಕುಡಿದರಂತೆ. ಬೆಳಿಗ್ಗೆ ಹಾಸಿಗೆ ತುಂಬ ರೊಟ್ಟಿ ಚೂರು, ಚೂರಿನ ತುಂಬ ಇರುವೆ. ಹೋಗುವಾಗ ಮೊಬೈಲಿನಲ್ಲಿ ನಮ್ಮ ಲಾಡ್ಜಿಗೆ ಒಂದೇ ನಕ್ಷತ್ರ ಒತ್ತಿ ಬರೆದರು: "ರೊಟ್ಟಿ ನಮಗಿಂತ ಇರುವೆಗೆ ಛಲೋ ಹತ್ತಿತು."

೨. ಕಿಟಕಿ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ನದಿ. ಮೈಸೂರಿನ ಗಣಿತದ ಮೇಷ್ಟ್ರೊಬ್ಬರು ಬಸ್ಸಲ್ಲೇ ಕೂತು ಎರಡನ್ನೂ ನೋಡಬೇಕು ಎಂದರು. "ಬೈಂದೂರು ಬಸ್ ಹತ್ತಿ. ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ ಕಿಟಕಿ" ಎಂದು ಗಟ್ಟಿಯಾಗಿ ಹೇಳಿ ಕಳಿಸಿದೆ.

ಸಂಜೆ ಬಂದವರು ಕೌಂಟರಿಗೆ ಒರಗಿ ನಿಂತರು. "ಹೋಗುವಾಗ ಎಡಗಡೆ ಕೂತೆ, ಸಮುದ್ರ. ಬರುವಾಗ ಬಲಗಡೆ ಕೂತೆ, ಮತ್ತೂ ಸಮುದ್ರ. ನದಿ ಎಲ್ಲಿ ಸ್ವಾಮಿ?"

ಬಸ್ಸು ತಿರುಗಿದರೆ ಎಡ ಬಲವೂ ತಿರುಗುತ್ತದೆ ಅಂತ ನನಗೆ ಹೊಳೆದದ್ದು ಆಗಲೇ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. "ನಾನು ಹೇಳಿದ್ದು ಹೇಳಿದೆ, ಲೆಕ್ಕದ ಮೇಷ್ಟ್ರು ನೀವಲ್ಲವಾ?" ಎಂದುಬಿಟ್ಟೆ. ಎರಡನೇ ಒಂಟಿ ನಕ್ಷತ್ರ ಬಿತ್ತು.

ನಮ್ಮ ಧಣಿಗಳು ಇರುವುದು ಮುಂಬಯಿಯಲ್ಲಿ, ಕಣ್ಣು ಮಾತ್ರ ಈ ನಕ್ಷತ್ರಗಳ ಮೇಲೆ. ಕೂಡಲೇ ಫೋನ್ ಬಂತು. "ಹ್ವಾಯ್, ಎಂತ ಮಾಡ್ತಾ ಇದ್ದೆ ಅಲ್ಲಿ? ಇನ್ನೊಂದ್ ಹೀಂಗಿದ್ದ್ ಬಂದ್ರೆ ಆ ಕುರ್ಚಿ ಮೇಲೆ ನನ್ ಭಾವನ್ನ ಕೂರಿಸ್ತೆ."

ಇಪ್ಪತ್ತು ವರ್ಷ ಕೂತ ಕುರ್ಚಿ ಅದು. ನಿಜ ಹೇಳುತ್ತೇನೆ, ಅವತ್ತು ಹೆದರಿಕೆಯಾಯಿತು.

೩. ಬಂಗುಡೆ

ಮರುದಿನವೇ ಬೆಂಗಳೂರಿನ ಅಮ್ಮ ಒಬ್ಬರು ಬಂದರು. ಹೋದಲ್ಲೆಲ್ಲ ಫೋಟೋ ತೆಗೆದು ನಕ್ಷತ್ರ ಕೊಡುವುದೇ ಅವರ ಹವ್ಯಾಸ. ತಾಜಾ ಮೀನು ಕೊಳ್ಳಬೇಕಂತೆ. ಬಾಯಲ್ಲಿ ದಾರಿ ಹೇಳುವ ಸಹವಾಸವೇ ಬೇಡ ಎಂದು ನಾನೇ ಗಂಗೊಳ್ಳಿ ಬಂದರಿಗೆ ಕರಕೊಂಡು ಹೋದೆ.

ನಮ್ಮಲ್ಲಿ ಮೀನು ಆರಿಸುವುದು ಗಿರಾಕಿಯಲ್ಲ, ಮಾರುವವಳು. ಸಾರಿಗೋ ಹುರಿಯುವುದಕ್ಕೋ ಅಂತ ಹೇಳಿ ಸುಮ್ಮನೆ ಚೀಲ ಹಿಡಿಯಬೇಕು. ಈ ಅಮ್ಮ ಬುಟ್ಟಿಗೇ ಕೈ ಹಾಕಿ ಒಂದೊಂದೇ ಬಂಗುಡೆಯ ಕಿವಿರು ಬಿಡಿಸಿ, ಹೊಟ್ಟೆ ಒತ್ತಿ ನೋಡತೊಡಗಿದರು.

"ಎಂತ ಅಮಾ, ಮೀನಿಗೆ ಜ್ವರ ಇತ್ತಾ ಅಂತ ಮುಟ್ಟಿ ಕಾಂತ್ರಿಯಾ?" ಎಂದಳು ಮೀನಿನವಳು. "ನಿಮ್ಗೆ ಕೊಡುದಿಲ್ಲೆ, ಹೋಯ್ನಿ." ಬುಟ್ಟಿಗೆ ಗೋಣಿ ಮುಚ್ಚಿಬಿಟ್ಟಳು.

ಅಮ್ಮನ ಮುಖ ಕೆಂಪಾಯಿತು, ಕೈ ಮೊಬೈಲಿಗೆ ಹೋಯಿತು. ಮೂರನೇ ಒಂಟಿ ನಕ್ಷತ್ರ ಬೀಳುವುದರಲ್ಲಿತ್ತು. ಮೀನಿನವಳ ಕಿವಿಯಲ್ಲಿ ನನ್ನ ಕಥೆಯನ್ನೆಲ್ಲ ಪಿಸುಗುಟ್ಟಿದೆ. ನಕ್ಷತ್ರ, ಧಣಿ, ಭಾವ, ಕುರ್ಚಿ, ಒಂದೂ ಬಿಡಲಿಲ್ಲ.

ಅವಳು ಇಡೀ ಬಂದರಿಗೆ ಕೇಳುವ ಹಾಗೆ ಹೇಳಿದಳು: "ಅಮಾ, ಈ ಪಾಪದವನ ಕೆಲ್ಸ ಹೋತ್ ಅಂಬ್ರ್. ಇವನ ಲಾಡ್ಜಿಗೆ ಐದ್ ನಕ್ಷತ್ರ ಒತ್ತಿ. ಒತ್ತಿದ್ ತೋರ್ಸಿದ್ರೆ ಮಾತ್ರ ಬಂಗ್ಡಿ."

ನನಗೆ ನೆಲ ಬಿರಿದು ಒಳಗೆ ಹೋಗುವ ಹಾಗಾಯಿತು. ಅಮ್ಮ ಒಮ್ಮೆ ನನ್ನನ್ನು, ಒಮ್ಮೆ ಬುಟ್ಟಿಯನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕು, ಒತ್ತಿ ತೋರಿಸಿದರು. ಅವಳೇ ಆರಿಸಿ ಕೊಟ್ಟ ಬಂಗುಡೆಯನ್ನು ನಮ್ಮ ಅಡುಗೆಯವರು ಹುರಿದುಕೊಟ್ಟರು. ಅಮ್ಮ ಬೆರಳು ಚೀಪಿಕೊಂಡು ತಿಂದು, ಮೊಬೈಲ್ ತೆಗೆದು ಇನ್ನೂ ಎರಡು ಸಾಲು ಸೇರಿಸಿದರು.

ಸಂಜೆ ಧಣಿಗಳ ಫೋನ್. ದನಿಯಲ್ಲಿ ಖುಷಿಯೋ ಖುಷಿ. "ಐದಕ್ಕೆ ಐದ್ ಬಂತಲ್ಲ ಮಾರಾಯಾ. ಆ ಅಮ್ಮ ಎಂತ ಬರ್ದಿರ್ ಗೊತ್ತಿತ್ತಾ? 'ಲಾಡ್ಜಿನವರಿಗೆ ಮಾತು ಹೆಚ್ಚು. ಮೀನು ಮಾರುವ ಹೆಂಗಸಿಗೆ ಎಲ್ಲ ಗೊತ್ತು, ಕೌಂಟರಿನಲ್ಲಿ ಆಕೆ ಕೂರಬೇಕು.' ನಂಗೂ ಸರಿ ಕಂಡ್ತ್. ಅವ್ಳ್ ಬತ್ಲಾ ಕೇಂಡ್ಕಂಡ್ ಬಾ."

ನನ್ನ ಕುರ್ಚಿಗೆ ಬರುತ್ತೀಯಾ ಅಂತ ಇನ್ನೊಬ್ಬರನ್ನು ನಾನೇ ಹೋಗಿ ಕೇಳಬೇಕು. ಇಂಥ ಗತಿ ಯಾರಿಗೂ ಬೇಡ. ಆದರೂ ಹೋಗಿ ಕೇಳಿದೆ. ಅವಳು ಬಂಗುಡೆ ಎಣಿಸುವುದನ್ನು ನಿಲ್ಲಿಸಲೂ ಇಲ್ಲ.

"ದಿನಕ್ಕೆ ಎಷ್ಟ್ ಜನ ಬತ್ರ್ ನಿಮ್ ಲಾಡ್ಜಿಗೆ?"

"ಹತ್ತು, ಹನ್ನೆರಡು."

"ಅಷ್ಟೇಯಾ? ಇಡೀ ದಿನಕ್ಕೆ ಹತ್ತ್ ಜನರ ಹತ್ರ ಮಾತಾಡಿ ನಂಗೆ ಹೊತ್ತ್ ಹೋತಿಲ್ಲೆ ಮಾರಾಯಾ. ಅದೆಲ್ಲ ಕೆಲ್ಸ ಇಲ್ದಿದ್ದವ್ರಿಗೆ. ನೀನೇ ಕೂಕೋ."