ಜಾಝ್ ಕಛೇರಿಯಲ್ಲಿ ಮೊದಲ ಪಂಕ್ತಿ

ಶಿಸ್ತಿನ ಮನುಷ್ಯನಿಗಿರುವ ದೊಡ್ಡ ಅಪಾಯವೆಂದರೆ ಜನ ಅವನನ್ನು ನಂಬುತ್ತಾರೆ. ನಾನು ಕಾರ್ಕಳದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವನು. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಏಳಕ್ಕೆ ಗಂಜಿ, ಒಂದಕ್ಕೆ ಊಟ. ನಡುವೆ ಸಿಕ್ಕವರನ್ನು ತಿದ್ದುತ್ತೇನೆ. ಹಾಗಾಗಿ ಸ್ಯಾಕ್ಸೋಫೋನ್ ಊದುವ ತಂಗಿಯ ಮಗಳು ವಿದ್ಯಾ ಬಂದು, "ಮಾವ, ಮಣಿಪಾಲದಲ್ಲಿ ನಮ್ಮ ಜಾಝ್ ರೆಕಾರ್ಡಿಂಗ್ ಉಂಟು, ಜನರ ಎದುರೇ. ಹಾಲ್ ಸಿಕ್ಕಿದ್ದು ಒಂದೇ ದಿನ. ಯಾರೂ ಶಬ್ದ ಮಾಡದ ಹಾಗೆ ನೀವು ನೋಡಿಕೊಳ್ಳಬೇಕು" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ಕಾರ್ಕಳದಿಂದ ಒಂದು ಬಸ್ಸು ತುಂಬ ನೆಂಟರನ್ನು ಕರೆದೊಯ್ದು ಮುಂದಿನ ಸಾಲುಗಳಲ್ಲಿ ಕೂರಿಸಿದೆ. "ಕೆಮ್ಮು ಇದ್ದವರು ಈಗಲೇ ಕೆಮ್ಮಿ ಮುಗಿಸಿ" ಎಂದು ಆಜ್ಞಾಪಿಸಿದೆ. ಹನ್ನೊಂದಕ್ಕೆ ಎಂದವರು ಮುಕ್ಕಾಲು ಗಂಟೆ ತಡವಾಗಿ ಶುರು ಮಾಡಿದರು. ಪಿಯಾನೋದಲ್ಲಿ ಕಾಪುವಿನ ಇಮ್ತಿಯಾಜ್. ಇನ್ನಿಬ್ಬರಲ್ಲಿ ಒಬ್ಬ ಡ್ರಮ್ಮಿಗೆ, ಒಬ್ಬ ತನಗಿಂತ ಎತ್ತರದ ಪಿಟೀಲಿನಂಥದಕ್ಕೆ. ಒಬ್ಬರು ಹೊರಟ ದಾರಿಯಲ್ಲಿ ಇನ್ನೊಬ್ಬರು ಹೋಗುವುದಿಲ್ಲ. ಕೊನೆಗೆ ಹೇಗೋ ಒಂದೇ ಸ್ಟಾಪಿನಲ್ಲಿ ಇಳಿದು ಪರಸ್ಪರ ನೋಡಿ ನಗುತ್ತಾರೆ. ನನ್ನ ಶಾಲೆಯಲ್ಲಾಗಿದ್ದರೆ ನಾಲ್ವರನ್ನೂ ಮೈದಾನಕ್ಕೆ ಎರಡು ಸುತ್ತು ಓಡಿಸುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆಗೆ ಸ್ಯಾಕ್ಸೋಫೋನ್ ಬೇಕೇ ಬೇಕು. ತಾಳಿ ಕಟ್ಟುವಾಗ ನಮಗೆ ಕಾಣುವುದು ಫೋಟೋಗ್ರಾಫರನ ಬೆನ್ನು ಮಾತ್ರ. ಸ್ಯಾಕ್ಸೋಫೋನ್ ಏರಿ, ಡೋಲು ಬಿರುಸಾದರೆ ಗಟ್ಟಿಮೇಳವೆಂದು ತಿಳಿದು ಅಕ್ಷತೆ ಎಸೆಯುತ್ತೇವೆ. ಮರುಕ್ಷಣ ಊಟದ ಹಾಲಿಗೆ ನಡೆಯುತ್ತೇವೆ. ತಡಮಾಡಿದರೆ ಊಟಕ್ಕೆ ಮೊದಲ ಪಂಕ್ತಿ ಸಿಗದು.

ಒಂದಕ್ಕೆ ಐದು ನಿಮಿಷವಿತ್ತು. ಕಣ್ಣು ಮುಚ್ಚಿ ಕುಳಿತಿದ್ದೆ, ನಿದ್ದೆಯಲ್ಲ, ಏಕಾಗ್ರತೆ. ವಿದ್ಯಾಳ ಸ್ಯಾಕ್ಸೋಫೋನ್ ಏರತೊಡಗಿತು. ಡ್ರಮ್ಮಿನವನಿಗೆ ಮೈಮೇಲೆ ಬಂದಂತಾಯಿತು. ನನ್ನ ಬಲಗೈ ಇಲ್ಲದ ಅಕ್ಷತೆಯನ್ನು ಎಸೆಯಿತು, ಕಾಲು ಎದ್ದು ನಿಂತಿತು, ಬಾಯಿ ಮೈದಾನದ ದನಿಯಲ್ಲಿ ಕೂಗಿತು: "ಆಯಿತು, ಏಳಿ! ಪಂಕ್ತಿಗೆ ನಡೆಯಿರಿ!" ಬೆಳಗಿನಿಂದ ನನ್ನ ಆಜ್ಞೆ ಪಾಲಿಸುತ್ತಿದ್ದ ಕಾರ್ಕಳದ ಪಡೆ ಕುರ್ಚಿ ಸರಿಸಿ ಒಟ್ಟಿಗೆ ಎದ್ದಿತು.

"ಎಂತ ಮಾವ ಇದು!" ಹಾಡು ಮುಗಿದ ಮೇಲೆ ವಿದ್ಯಾಳಿಗೆ ಅಳುವೇ ಬಂದಿತ್ತು.

"ಬಿಡು ಮಾರಾಯ್ತಿ," ಇಮ್ತಿಯಾಜ್ ನಕ್ಕ. "ಮಾಸ್ಟ್ರು ನಮಗೆ ಮದುವೆ ಮಾಡಿಸಿ ಊಟಕ್ಕೂ ಹೊರಟರು, ಅಲ್ವಾ?"

ಅದೇ ಹಾಡನ್ನು ಮತ್ತೆರಡು ಸಲ ನುಡಿಸಿದರು. ಆ ಕಾವು ಬರಲಿಲ್ಲ. ಕೊನೆಗೆ ನನ್ನ ಕೂಗಿನ ಸಮೇತ ಮೊದಲ ಸಲದ್ದನ್ನೇ ಹೊರತಂದರು. ಮನೆಯಲ್ಲಿ ಕೇಳಿಸಿಕೊಂಡು ಹೆಂಡತಿಗೆ ಹೇಳಿದೆ, "ನೋಡು, ಇಡೀ ರೆಕಾರ್ಡಿಂಗಿನಲ್ಲಿ ಒಟ್ಟಿಗೆ ಶಬ್ದ ಮಾಡಿದ್ದು ಕುರ್ಚಿ ಸರಿಸಿದ ನಮ್ಮವರು ಮಾತ್ರ."

"ಹೌದು," ಎಂದಳು ಅವಳು, "ತಪ್ಪನ್ನೂ ಸಾಲಾಗಿ ಮಾಡಲು ಕಲಿಸಿದ್ದೀರಿ."

ಉತ್ತರ ಕೊಡಬಹುದಿತ್ತು. ಆದರೆ ಗಂಟೆ ಒಂದಾಗಿತ್ತು.